ಅತ್ತೆ ತಟ್ಟಿ ನೋಡಿದ ದೋಣಿ

ನಮ್ಮ ಮನೆಯ ಪೋರ್ಟಿಕೋದಲ್ಲಿ ಕಾರಿಲ್ಲ, ದೋಣಿ ಇದೆ. ಬಿಟಿಎಂ ಲೇಔಟಿನಲ್ಲಿ ದೋಣಿ ಇಟ್ಟುಕೊಂಡಿದ್ದಾರೆ ಎಂದು ಜನ ನಗುತ್ತಾರೆ. ನಗಲಿ. ನಮ್ಮ ರಸ್ತೆ ತಗ್ಗಿನಲ್ಲಿದೆ. ಜೋರು ಮಳೆ ಬಂದು ರಾಜಕಾಲುವೆ ಉಕ್ಕಿದರೆ ನೀರು ಮೊದಲು ಬರುವುದು ನಮ್ಮ ಬಾಗಿಲಿಗೇ. ನಗುವವರೆಲ್ಲ ಎರಡನೇ ಮಹಡಿಯಲ್ಲಿರುವವರು.

ದೋಣಿ ಬಂದದ್ದು ಅತ್ತೆಗೋಸ್ಕರ. ಎಂಬತ್ತು ದಾಟಿದ ಜೀವ, ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆದರೂ ಈ ಮನೆಯಲ್ಲಿ ಅವರ ಕೈ ಯಾರೂ ಹಿಡಿಯಬೇಕಾಗಿಲ್ಲ. ಮಂಚದಿಂದೆದ್ದು ಗೋಡೆಗೆ ಅಂಗೈ ಇಟ್ಟರೆ, ಸವರಿಕೊಂಡೇ ದೇವರಮನೆ ತಲುಪುತ್ತಾರೆ. ಬತ್ತಿಯನ್ನು ಬೆರಳಲ್ಲಿ ಹುಡುಕಿ ದೀಪ ಹಚ್ಚುವವರು ಇವತ್ತಿಗೂ ಅವರೇ. ನೀರು ನುಗ್ಗಿದ ವರ್ಷ ಅಕ್ಕಪಕ್ಕದವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎತ್ತಿಕೊಂಡು ಹೊರಟರು. ಗೇಟಿನ ಹತ್ತಿರ ಒಬ್ಬರ ಕಾಲು ಜಾರಿತು. ಅತ್ತೆ ಮೋರಿ ನೀರಲ್ಲಿ ಸೊಂಟದವರೆಗೆ ಮುಳುಗಿ ಎದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಸೀರೆ ಹಿಂಡುತ್ತಾ ಒಂದೇ ಮಾತು ಹೇಳಿದರು:

“ಇನ್ನೊಂದ್ಸಲ ನನ್ನ ಎತ್ಕೊಂಡು ಹೋಗೋದಾದ್ರೆ ನಾಲ್ಕು ಜನ ಹೆಗಲು ಕೊಟ್ಟೇ ಎತ್ಕೊಂಡು ಹೋಗ್ರಪ್ಪಾ. ಕುರ್ಚಿ ಮಾತ್ರ ಬೇಡ.”

ಆ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಯಜಮಾನರು ಕನಕಪುರ ರಸ್ತೆಯಾಚೆ ಮುಚ್ಚಿಹೋದ ಒಂದು ರೆಸಾರ್ಟಿನಿಂದ ಹಳೆಯ ಫೈಬರ್ ದೋಣಿ ತಂದರು. ಅತ್ತೆ ಅದನ್ನು ತುದಿಯಿಂದ ತುದಿಗೆ ಸವರಿ ನೋಡಿ, “ಕಾಪಾಡೋ ಸಾಮಾನು ಕಣೇ, ಬರೀ ಮೈಲಿ ಇಡಬಾರದು” ಎಂದರು. ಆಯುಧಪೂಜೆಗೆ ದೋಣಿಯ ನೆಲದ ಮಧ್ಯೆ ಗಣಪತಿ ಫೋಟೋಗೆಂದು ಚಿಕ್ಕ ಪೀಠ ಇಟ್ಟೆವು. ಅಲುಗಾಡದಿರಲೆಂದು ಮೊಳೆ ಹೊಡೆದೆವು. ಪ್ರತಿ ಶುಕ್ರವಾರ ಹೊಸ್ತಿಲು ತೊಳೆದ ಹಾಗೆ ದೋಣಿಯನ್ನೂ ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದೆ. ಮರುವರ್ಷ ಮಳೆ ನಮ್ಮ ಮೇಲೆ ದಯೆ ತೋರಿತು, ದೋಣಿಗೆ ಕೆಲಸ ಬೀಳಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಒಂದು ದಿನ ಪೀಠ ಒರೆಸಲು ದೋಣಿಯೊಳಗೆ ಕಾಲಿಟ್ಟೆ. ನೆಲ ಹಪ್ಪಳದ ಹಾಗೆ ಮುರಿದು ಪಾದ ಒಳಗಿಳಿಯಿತು. ನೋಡಿದರೆ ಮೇಲೆ ತೆಳ್ಳಗೆ ಫೈಬರ್, ಅದರಡಿ ಪ್ಲೈವುಡ್. ಆ ಮರ ನೆನೆದು ಕಪ್ಪಾಗಿ, ಫಿಲ್ಟರಿನಲ್ಲಿ ಉಳಿಯುವ ಕಾಫಿ ಚರಟದಂತಾಗಿತ್ತು. ಗ್ರಹಚಾರಕ್ಕೆ ಯಜಮಾನರ ಅಕ್ಕ ಅವತ್ತೇ ಗಿರಿನಗರದಿಂದ ಬಂದಿದ್ದರು.

“ಇದ್ರಲ್ಲಾ ನಮ್ಮಮ್ಮನ್ನ ಕೂರಿಸೋದು? ನೀನು ಕೂತ್ರೇ ತಡೀಲಿಲ್ವಲ್ಲೇ!”

“ನಾನು ಕೂರ್ಲಿಲ್ಲ ಅತ್ತಿಗೆ, ನಿಂತೆ.”

“ಎಲ್ಲಾ ಒಂದೇ. ಮಳೆಗೆ ಮುಂಚೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನಮ್ಮದು ಎತ್ತರದ ಜಾಗ, ಲಿಫ್ಟಿದೆ, ನೋಡ್ಕೊಳ್ಳೋಕೆ ಜನ ಇದ್ದಾರೆ. ಇನ್ನು ಅಲ್ಲೇ ಇರ್ಲಿ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಪ್ರೀತಿಗೂ ಕಮ್ಮಿಯಿರಲಿಲ್ಲ. ಅತ್ತೆ ಆಮೇಲೆ ಅಡುಗೆಮನೆಗೆ ಬಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: “ಅಲ್ಲಿ ಗೋಡೆ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ ಕಣೇ.”

ನನಗೆ ರೋಷ ಬಂತು. ಹಾಲಿಗೆ ಹೋಗಿ ಅತ್ತಿಗೆಯ ಮುಂದೆ ನಿಂತೆ. “ದೋಣಿ ರಿಪೇರಿ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಅವ್ರ ಬ್ಯಾಗ್ ತುಂಬಿ ಕಾರಿಗಿಡ್ತೀನಿ.”

“ನೀನು? ದೋಣಿ?”

“ಹೂಂ, ನಾನೇ.”

ಯಜಮಾನರು ಪೀಠ ಕಿತ್ತು ಮೊಳೆ ತೂತು ತೋರಿಸಿದರು. ನೀರು ಒಳಗಿಳಿದದ್ದು ಅಲ್ಲಿಂದಲೇ. “ನಿಮ್ಮಿಬ್ರ ಭಕ್ತಿಗೆ ದೋಣಿನೇ ಕರಗಿಹೋಗಿದೆ ನೋಡು” ಎಂದು ಹಂಗಿಸಿದರು.

“ನೀರಲ್ಲಿರೋಕೇ ಹುಟ್ಟಿದ್ದು ವಾರಕ್ಕೊಂದು ಬಿಂದಿಗೆ ನೀರಿಗೆ ಕೊಳೀತು ಅಂದ್ರೆ ತಪ್ಪು ದೋಣೀದು” ಎಂದೆ. ಮೊಳೆ ಹೊಡೆದದ್ದು ದಡ್ಡತನವೇ, ಒಪ್ಪುತ್ತೇನೆ. ಪೂಜೆ ಮಾಡಿದ್ದು ತಪ್ಪು ಅಂತ ಮಾತ್ರ ಯಾರೂ ನನ್ನ ಬಾಯಲ್ಲಿ ಹೇಳಿಸಲಾರರು.

ಎಲ್ಲಿಯವರೆಗೆ ಕೊಳೆತಿದೆ ಎಂದು ಮೇಲಿನಿಂದ ಕಾಣುತ್ತಿರಲಿಲ್ಲ. ಯಜಮಾನರು ತಟ್ಟೆಯಗಲ ಕತ್ತರಿಸಿ ತೇಪೆ ಹಾಕಿದರೆ ಸಾಕು ಎಂದರು. ಅತ್ತೆ ಸ್ಟೂಲ್ ಹಾಕಿಸಿಕೊಂಡು ಪಕ್ಕದಲ್ಲಿ ಕೂತರು. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿಯನ್ನು ತಟ್ಟಿಯೇ ಆರಿಸುತ್ತಿದ್ದ ಕೈ ಅದು. ಹಿತ್ತಾಳೆ ಸೌಟಿನ ಹಿಡಿಯಿಂದ ನೆಲವನ್ನು ಗೇಣು ಗೇಣಾಗಿ ತಟ್ಟುತ್ತಾ ಬಂದರು.

“ಇಲ್ಲಿ ಗಟ್ಟಿ. ಇಲ್ಲಿ ಸದ್ದು ಸತ್ತಿದೆ. ಇಲ್ಲೂ ಸತ್ತಿದೆ.”

ಅವರು ಹೇಳಿದಲ್ಲೆಲ್ಲ ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಗೆರೆ ಮುಂದಿನ ಮೂತಿಯವರೆಗೂ ಹೋಯಿತು.

“ಅಮ್ಮಾ, ಹೀಗಾದ್ರೆ ಪೂರ್ತಿ ನೆಲ ಬಿಚ್ಬೇಕಾಗುತ್ತೆ” ಎಂದರು ಯಜಮಾನರು.

“ಬಿಚ್ಚು. ಕೂರೋಳು ನಾನು.”

ಸುದ್ದಗುಂಟೆಪಾಳ್ಯದ ಹಾರ್ಡ್‌ವೇರ್ ಅಂಗಡಿಯಿಂದ ಕಟಿಂಗ್ ಮಷಿನ್ ಬಾಡಿಗೆಗೆ ಬಂತು. ಯಜಮಾನರು ಕತ್ತರಿಸಿದರು, ನಾನು ಕೆರೆದೆ. ಅತ್ತೆಯ ಗೆರೆ ತಪ್ಪಿರಲಿಲ್ಲ, ಅದರೊಳಗೆ ಎಲ್ಲ ಕಡೆ ಮರ ಮೆತ್ತಗಾಗಿತ್ತು. ಕೆರೆದ ಮೇಲೆ ದೋಣಿಯನ್ನು ಬಿಸಿಲಿಗೆಳೆದು ಸಂಡಿಗೆ ಕಾದ ಹಾಗೆ ಕಾದೆವು. ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುತ್ತಿದ್ದೆ. ಬ್ಲೌಸಿಗೆ ಮಾಡುವ ಹಾಗೇ ಹೊಸ ಪ್ಲೈವುಡ್‌ಗೂ ನ್ಯೂಸ್‌ಪೇಪರಿನಲ್ಲಿ ಅಳತೆ ಕತ್ತರಿಸಿಕೊಟ್ಟೆ.

ಕಷ್ಟ ಕೊಟ್ಟದ್ದು ರೆಸಿನ್. ಅದು ಜೇನಿನಂಥ ಅಂಟು. ಹಾರ್ಡ್ನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಕಲ್ಲಾಗುತ್ತದೆ. ಮೊದಲ ಸಲ ಕಣ್ಣಂದಾಜಿನಲ್ಲಿ ಸುರಿದೆ. ಮಟಮಟ ಮಧ್ಯಾಹ್ನ, ಮಗ್ಗಿನಿಂದ ಹೊಗೆಯೆದ್ದಿತು. ಬ್ರಷ್ಷು ಅದರೊಳಗೇ ನೆಟ್ಟಗೆ ನಿಂತುಬಿಟ್ಟಿತು.

“ಐಸ್‌ಕ್ಯಾಂಡಿ ರೆಡಿ” ಎಂದರು ಯಜಮಾನರು.

ಅತ್ತೆ ಕಿಟಕಿಯಿಂದಲೇ ಕೇಳಿದರು, “ಬೇಸಿಗೇಲಿ ಹಾಲಿಗೆ ಎಷ್ಟು ಹೆಪ್ಪು ಹಾಕ್ತೀಯೇ?”

ಅಷ್ಟು ಸಾಕಾಯಿತು. ಮರುದಿನ ಬಿಸಿಲೇರುವ ಮುಂಚೆ ಡಬ್ಬಿಯ ಮೇಲಿನ ಅಳತೆ ಓದಿ, ಹನಿ ಎಣಿಸಿ ಬೆರೆಸಿದೆ. ಮೂಗು ಬಾಯಿಗೆ ಮಾಸ್ಕು, ಕೈಗೆ ಗ್ಲೌಸು; ವಾಸನೆ ತಾಗದಿರಲೆಂದು ಅತ್ತೆಯ ಕಿಟಕಿ ಮುಚ್ಚಿದೆ. ಪ್ಲೈವುಡ್‌ನ ಎರಡೂ ಮೈಗೆ, ಅಂಚಂಚಿಗೂ ಬಳಿದು ಕೂರಿಸಿದೆವು. ಮೇಲೆ ಬಟ್ಟೆಯಂಥ ಫೈಬರ್ ಮ್ಯಾಟ್ ಹಾಸಿ, ಅದಕ್ಕೂ ರೆಸಿನ್ ಬಳಿದು, ಗುಳ್ಳೆ ಉಳಿಯದಂತೆ ಒತ್ತಿದೆವು. ಅದು ಒಣಗಿದ ಮೇಲೆ ಅತ್ತೆ ಮತ್ತೆ ಸೌಟು ತರಿಸಿದರು. ಟಕ್, ಟಕ್, ಟಕ್. ಎಡಗಡೆ ಮೂಲೆಯಲ್ಲಿ ಕೈ ನಿಂತಿತು. “ಇಲ್ಲೊಂಚೂರು ಪೊಳ್ಳು.” ಅಲ್ಲಿ ಉಜ್ಜಿ ಮತ್ತೆ ಬಳಿದೆವು.

ಅತ್ತಿಗೆ ಕಾರು ತಂದ ದಿನ ನಮ್ಮ ಭಜನಾ ಮಂಡಳಿಯ ಹೆಂಗಸರನ್ನು ಕರೆದಿದ್ದೆ. ತೆಳ್ಳಗಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಒತ್ತೊತ್ತಾಗಿ ದೋಣಿಯೊಳಗೆ ಕೂತು ತಾಳ ಹಾಕಿದರು. ನೆಲ ಒಂದಿಷ್ಟೂ ಕಿರುಗುಟ್ಟಲಿಲ್ಲ.

“ಒಣನೆಲದ ಮೇಲೆ ಯಾರು ಬೇಕಾದ್ರೂ ಕೂರಬಹುದು” ಎಂದರು ಅತ್ತಿಗೆ.

ಅತ್ತೆ ಒಳಗಿನಿಂದ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. “ನೀನೂ ಕೂತ್ಕೋ ಹೋಗು ಮಗಳೇ. ಭಾರ ಸಾಲ್ದು ಅಂತಿದ್ದಾರೆ.”

ಹೆಂಗಸರೆಲ್ಲ ನಕ್ಕರು. ಅತ್ತಿಗೆಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಈ ಮಳೆಗಾಲ ಒಂದು ನೋಡ್ತೀನಿ, ಅಷ್ಟೇ” ಎಂದು ಬರಿಗೈಲಿ ಕಾರು ಹತ್ತಿದರು.

ಆ ಮಳೆಗಾಲ ದಯೆ ತೋರಲಿಲ್ಲ. ಒಂದು ಬೆಳಗ್ಗೆ ನೀರು ಮೆಟ್ಟಿಲು ಹತ್ತಿ ಹಾಲಿಗೆ ಬಂತು. ಬನಶಂಕರಮ್ಮನನ್ನು ನೆನೆದು ಅತ್ತೆಯನ್ನು ದೋಣಿಯಲ್ಲಿ ಕೂರಿಸಿದೆವು. ಮೇಲೆ ಛತ್ರಿ, ಮಡಿಲಲ್ಲಿ ಔಷಧದ ಡಬ್ಬಿ. ಯಜಮಾನರು ಮುಂದೆ ಹಗ್ಗ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ, ಮೊಣಕಾಲಿನ ಮೇಲೆ ನೀರು. ಎರಡನೇ ಮಹಡಿಯವರು ಬಾಲ್ಕನಿಯಿಂದ ನೋಡಿದರು. ಅವತ್ತು ಯಾರೂ ನಗಲಿಲ್ಲ. ಮೇನ್ ರೋಡಿನವರೆಗೂ ಅತ್ತೆಯ ಸೀರೆಯಂಚು ನೆನೆಯಲಿಲ್ಲ. ಅಲ್ಲಿ ಅತ್ತಿಗೆಯ ಕಾರು ಕಾಯುತ್ತಿತ್ತು.

ನೀರು ಇಳಿಯುವವರೆಗೆ ಅತ್ತೆ ಗಿರಿನಗರದಲ್ಲಿದ್ದರು. ನಾವು ಕೆಸರು ಬಳಿದು, ನೆಲ ತೊಳೆದೆವು. ಆಮೇಲೆ ಫೋನ್ ಬಂತು, ಅತ್ತಿಗೆಯದು. ಇನ್ನು ಅಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೇನೋ ಎಂದುಕೊಂಡೇ ಎತ್ತಿದೆ.

“ನಿಮ್ಮತ್ತೆ ಬೆಳಗ್ಗೆಯಿಂದ ಸೀರೆ ಉಟ್ಕೊಂಡು ಬಾಗಿಲ ಹತ್ರ ಕೂತಿದ್ದಾರೆ. ಕರ್ಕೊಂಡು ಬರ್ತಿದೀನಿ, ಕಾಫಿಗಿಡು” ಎಂದರು.

ಕಾರಿನಿಂದಿಳಿದ ಅತ್ತೆ ಬಾಗಿಲವರೆಗೆ ಮಗಳ ತೋಳು ಹಿಡಿದಿದ್ದರು. ಅಲ್ಲಿ ಬಿಟ್ಟರು. ಅಂಗೈಯನ್ನು ಗೋಡೆಗಿಟ್ಟು, “ಇನ್ನೂ ತಂಡಿ ಇದೆ” ಎಂದು ಗೊಣಗುತ್ತಾ ಒಳಗೆ ನಡೆದರು. ಅತ್ತಿಗೆ ಹಿಂದೆಯೇ ಹೋಗಲು ಹೆಜ್ಜೆಯಿಟ್ಟರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ದೇವರಮನೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು.