ದೇವದುರ್ಗದ ಬಳೆಗಾರನ ಕಣ್ಣಿನ ಒತ್ತಡ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕಣ್ಣಿನ ವೈದ್ಯೆಯಾಗಿದ್ದೆ. ಕನ್ನಡಕ ಕೇಳಿಕೊಂಡು ಬರುವ ನಲವತ್ತು ದಾಟಿದವರೆಲ್ಲರ ಕಣ್ಣಿನ ಒತ್ತಡ ಅಳೆದು, ಒತ್ತಡ ಏರಿ ಕಣ್ಣಿನ ನರ ಕೊಲ್ಲುವ ಗ್ಲಾಕೋಮ ಎಷ್ಟು ಜನರಲ್ಲಿ ಸದ್ದಿಲ್ಲದೆ ಸೇರಿಕೊಂಡಿದೆ ಎಂದು ತಿಳಿಯುವ ಅಧ್ಯಯನ ಶುರು ಮಾಡಿದ್ದೆ. ಹಾಗೆ ಸಿಕ್ಕವನು ದೇವದುರ್ಗದ ಬಳೆಗಾರ. ಹೆಂಡತಿಯ ಜೊತೆ ಬಂದಿದ್ದ.

"ಚಷ್ಮಾ ಕೊಡ್ರಿ ಸಾಕು. ಬ್ಯಾನಿ ಇಲ್ಲ, ಏನಿಲ್ಲ," ಎಂದ.

ಮಲಗಿಸಿ, ಕಣ್ಣು ಮರಗಟ್ಟಿಸುವ ಹನಿ ಹಾಕಿ, ಅಳೆಯುವ ಪುಟ್ಟ ಉಪಕರಣವನ್ನು ಕಣ್ಣುಗುಡ್ಡೆಯ ಮೇಲೆ ನಿಲ್ಲಿಸಿದೆ. ಕಣ್ಣು ಮೆತ್ತಗಿದ್ದರೆ ಅದರ ಮುಳ್ಳು ಧಾರಾಳವಾಗಿ ಸರಿಯುತ್ತದೆ. ಆತನ ಎರಡೂ ಕಣ್ಣುಗಳಲ್ಲಿ ಬರೀ ಅಲುಗಾಡಿತಷ್ಟೆ; ಒತ್ತಡ ಬಹಳ ಹೆಚ್ಚಿತ್ತು. ಬೆಳಕು ಬಿಟ್ಟು ನೋಡಿದರೆ ಹಿಂದಿನ ನರ ಸೊರಗಿತ್ತು, ಎಡಗಣ್ಣಿನದು ಹೆಚ್ಚು. ಪಕ್ಕದಿಂದ ತಂದ ನನ್ನ ಬೆರಳು ಹೆಚ್ಚು ಕಡಿಮೆ ಮುಖದೆದುರಿಗೇ ಬರುವ ತನಕ ಆತನಿಗೆ ಕಾಣಲಿಲ್ಲ.

"ಸಂತ್ಯಾಗ ಮಂದಿಗಿ ಹಾಯ್ತಾರ್ರಿ ಇವ್ರು. ಸೊಕ್ಕು ಅಂತ ಬೈತಾರ," ಎಂದಳು ಹೆಂಡತಿ.

ದಿನಕ್ಕೆ ಮೂರು ಹೊತ್ತು ಹಾಕಲು ಹನಿ ಬರೆದುಕೊಟ್ಟೆ. ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು. ನಾನು ಹಿಗ್ಗಿದೆ. ಆಮೇಲೆ ಆತ ಬರುವುದನ್ನೇ ನಿಲ್ಲಿಸಿದ. ದೇವದುರ್ಗಕ್ಕೆ ಕಣ್ಣಿನ ಶಿಬಿರಕ್ಕೆಂದು ಹೋದಾಗ ಅಂಗಡಿ ಹುಡುಕಿಕೊಂಡು ಹೋದೆ.

"ಹನಿ ಬಿಟ್ಟೀನ್ರಿ," ಎಂದ, ತಲೆ ಎತ್ತದೆ. "ಹಾಕಿದ್ರ ಹುಬ್ಬು ಸಿಡೀತಾವ, ಅಂಗಡಿ ತುಂಬ ಕತ್ತಲ ಆಗ್ತದ. ಮದಿಮಗಳ ಕೈಯಾಗ ಬಳಿ ಒಡೆದು ರಕ್ತ ಬಂತ್ರೀ. ಔಷಧ ಹಾಕಿದ್ರ ಕಾಣಂಗಿಲ್ಲ, ಬಿಟ್ರ ಕಾಣ್ತದ. ಹಂಗಾರ ಬ್ಯಾನಿ ಯಾವುದು, ನೀವ ಹೇಳ್ರಿ ಡಾಕ್ಟರಮ್ಮಾ."

ಹನಿಯಿಂದ ಕಣ್ಣಪಾಪೆ ಕಿರಿದಾಗಿ ಮಬ್ಬಾಗುವುದು ನಿಜವೇ ಆಗಿತ್ತು. ಹಾಗಾದರೆ ಆಪರೇಷನ್ ಮಾಡೋಣ ಎಂದೆ.

"ಆಮ್ಯಾಲ ಚಂದ ಕಾಣ್ತದೇನ್ರಿ?" ಅಂಗಡಿಯಲ್ಲೇ ಇದ್ದ ಹೆಂಡತಿ ಕೇಳಿದಳು.

"ಇಲ್ಲ. ಹೋದದ್ದು ಬರೋದಿಲ್ಲ. ಇರೋದು ಉಳೀಬಹುದು."

"ಉಳೀಬಹುದು," ಎಂದು ಆತ ತನ್ನಷ್ಟಕ್ಕೆ ಹೇಳಿಕೊಂಡು ಗಿರಾಕಿಯ ಕಡೆ ತಿರುಗಿದ. ಮರಳುವ ಬಸ್ಸು ರಾಯಚೂರಿನ ಹತ್ತಿರದ ಕಲ್ಮಲ ದಾಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಯಾರ ಮೇಲಿನ ಸಿಟ್ಟೋ ನನಗೇ ತಿಳಿಯಲಿಲ್ಲ.

ಮುಂದಿನ ವರ್ಷ ಆತ ಹೆಂಡತಿಯ ಭುಜ ಹಿಡಿದುಕೊಂಡು ಬಂದ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಆಪರೇಷನ್ ಮಾಡಿ, ಒಳಗಿನ ನೀರು ಹರಿಯಲು ಸಣ್ಣ ದಾರಿ ಬಿಡಿಸಿದೆ. ಒತ್ತಡ ಇಳಿದು ಹಾಗೇ ನಿಂತಿತು. ಉಳಿದಿದ್ದ ನೋಟ ಉಳಿಯಿತು, ಆದರೆ ಅದು ಬಳೆ ತೊಡಿಸುವಷ್ಟು ಇರಲಿಲ್ಲ. ಆ ಕೆಲಸ ಹೆಂಡತಿಯ ಪಾಲಿಗೆ ಬಂತು.

ಒಡಹುಟ್ಟಿದವರಿಗೂ ಈ ಕಾಯಿಲೆ ಬರಬಹುದು, ಕರೆತನ್ನಿ ಎಂದಿದ್ದೆ. ಎಂಬತ್ತರ ದಶಕದ ಮೊದಲಲ್ಲಿ, ಮಾನ್ವಿಯಲ್ಲಿ ದರ್ಜಿಯಾಗಿದ್ದ ತಮ್ಮನನ್ನು ಆತನೇ ಎಳೆದುಕೊಂಡು ಬಂದ. ತಮ್ಮನ ಒತ್ತಡವೂ ಹೆಚ್ಚಿತ್ತು. ನರ ಮಾತ್ರ ಇನ್ನೂ ಚೆನ್ನಾಗಿತ್ತು. ಈ ಸಲ ಹನಿ ಬರೆಯುವ ಮೊದಲೇ ಮಬ್ಬು, ಹುಬ್ಬುನೋವು ಎಲ್ಲವನ್ನೂ ಹೇಳಿದೆ.

"ಮತ್ತ ಸೂಜಿಗಿ ದಾರ ಹ್ಯಾಂಗ ಪೋಣಿಸ್ಲಿ?" ಎಂದ ತಮ್ಮ.

ಅಣ್ಣ ಅವನನ್ನು ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಬೈಯತೊಡಗಿದ. ಬೈಯುತ್ತಾ ಬೈಯುತ್ತಾ ತನ್ನ ಎಡಗಣ್ಣಿನತ್ತ ಬೆರಳು ಮಾಡಿದ. ತಮ್ಮನು ಔಷಧದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಒಂದೆರಡು ವರ್ಷ ಅವನು ತಪ್ಪದೆ ಬಂದ. ಒತ್ತಡ ಹಿಡಿತದಲ್ಲಿತ್ತು. ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ಅವನು ಹನಿ ಮುಂದುವರಿಸಿದನೋ ಬಿಟ್ಟನೋ, ಗೊತ್ತಾಗಲೇ ಇಲ್ಲ.