ಕರೆವ್ವನ ಹದಿನಾರು ಸಾವಿರದ ಕಂಪ್ಯೂಟರು

ಮೋಟೆಬೆನ್ನೂರಿನ ಮಲ್ಲೇಶಪ್ಪನವರು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ಆ ಅವಧಿ ಮುಗಿದು ಹನ್ನೆರಡು ವರ್ಷವಾಗಿದ್ದರೂ ಅವರ ಮಟ್ಟಿಗೆ ಮುಗಿದಿರಲಿಲ್ಲ. ಮನೆಯಲ್ಲಿ ಉಪ್ಪು ತೀರಿದರೂ ಅದಕ್ಕೊಂದು ಠರಾವು ಆಗಬೇಕಿತ್ತು. ಹೀಗಿರುವಾಗ ತಮ್ಮನ ಹೆಂಡತಿ ಕರೆವ್ವ ರಾಣೆಬೆನ್ನೂರಿನ ಸಮುದಾಯ ಕಾಲೇಜಿನಲ್ಲಿ ಆರು ತಿಂಗಳ ಕಂಪ್ಯೂಟರ್ ಸರ್ಟಿಫಿಕೇಟ್ ಮಾಡುತ್ತಾಳಂತೆ ಎಂಬ ಸುದ್ದಿ ಬಂತು. ಅವರು ಕನ್ನಡಕ ಏರಿಸಿ, ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಖರ್ಚು-ಗಳಿಕೆಯ ಪಟ್ಟಿ ಬರೆಯಲು ಕೂತರು.

ಕರೆವ್ವ ಗುತ್ತಲದ ಹೆಣ್ಣು. ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸು; ಭಾವ ಮಲ್ಲೇಶಪ್ಪನವರದು ಮೂರನೆಯ ಸಲಕ್ಕೆ. ಮದುವೆಯಾದ ಹದಿನೈದು ವರ್ಷವೂ ಅವಳು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಳು. ಎಷ್ಟು ತೊಳೆದರೂ ಕೈಯ ಉರಿ ಹೋಗುತ್ತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಮೊಣಕೈ ಬಳಸುವುದು ರೂಢಿಯಾಗಿಬಿಟ್ಟಿತ್ತು. ಫೀಯ ಆರು ಸಾವಿರ ಅವಳೇ ಕೂಡಿಸಿಟ್ಟಿದ್ದಳು. ಆದರೆ ಅಣ್ಣ ಒಪ್ಪದೆ ಗಂಡ ಶೇಖಪ್ಪ ಹೂಂ ಅನ್ನುವವನಲ್ಲ.

ಇನ್ನೊಂದು ತೊಡಕಿತ್ತು. ಆ ಮನೆಯಲ್ಲಿ ಸೊಸೆ ಭಾವನ ಜೊತೆ ನೇರ ಮಾತಾಡುವುದಿಲ್ಲ. ಪಡಸಾಲೆಯಲ್ಲಿ ಭಾವ, ಅಡುಗೆಮನೆಯ ಬಾಗಿಲ ಹಿಂದೆ ಸೊಸೆ, ನಡುವೆ ಅತ್ತೆ ಮಂಗಳವ್ವ. ಇಬ್ಬರ ಮಾತೂ ಇಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಅದು ಮಂಗಳವ್ವನ ಮೇಲೆ ಹಾದೇ ಹೋಗಬೇಕು.

ಮಲ್ಲೇಶಪ್ಪನವರು ಪಟ್ಟಿ ಓದಿದರು. ಫೀ ಆರು ಸಾವಿರ. ಬಸ್ಸಿಗೆ ದಿನಕ್ಕೆ ಎಪ್ಪತ್ತು, ತಿಂಗಳಿಗೆ ಇಪ್ಪತ್ತಾರು ದಿನದಂತೆ ಹತ್ತು ಸಾವಿರದ ಒಂಬೈನೂರ ಇಪ್ಪತ್ತು. ತಪ್ಪುವ ಅರ್ಧ ದಿನದ ಕೂಲಿ, ದಿನಕ್ಕೆ ಇನ್ನೂರರಂತೆ ಮೂವತ್ತೊಂದು ಸಾವಿರದ ಇನ್ನೂರು. ಒಟ್ಟು ಅಂಕಿ ಗಂಭೀರವಾಗಿ ಕಾಣಲೆಂದು ‘ಇತರೆ’ ಎಂದು ಸಾವಿರದ ಎಂಟುನೂರ ಎಂಬತ್ತು ಸೇರಿಸಿ ಸರಿಯಾಗಿ ಐವತ್ತು ಸಾವಿರ ಮಾಡಿದ್ದರು. ಗಳಿಕೆಯ ಕಡೆ ಒಂದು ಸೊನ್ನೆ, ದುಂಡಗೆ, ಅಚ್ಚುಕಟ್ಟಾಗಿ.

ಬಾಗಿಲ ಹಿಂದಿನಿಂದ ಧ್ವನಿ ಬಂತು. “ಅತ್ತಿ, ಹೆಂಗಸರು ಬಸ್ಸಿಗೆ ರೊಕ್ಕ ಕೊಡಂಗಿಲ್ಲಂತ ಹೇಳ್ರಿ.”

ಮಲ್ಲೇಶಪ್ಪನವರು ಹೋದಲ್ಲೆಲ್ಲ ಬೈಕಿನಲ್ಲೇ ಹೋಗುವವರು. ನಾಡಿನ ಹೆಂಗಸರೆಲ್ಲ ಪುಕ್ಕಟೆ ಓಡಾಡುತ್ತಿರುವುದು ಅವರಿಗೆ ಗೊತ್ತಿತ್ತು. ತಮ್ಮ ಮನೆಯವರೂ ಹೆಂಗಸರೇ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಬಸ್ಸಿನ ಸಾಲನ್ನು ಹೊಡೆದುಹಾಕಿದರು.

“ಆಷಾಢದಿಂದ ಆರು ತಿಂಗಳು ವಾರಕ್ಕ ಎರಡು ದಿನ ಕೂಲಿ ಸಿಕ್ಕರ ಪುಣ್ಯ. ಇಪ್ಪತ್ತಾರು ದಿನ ಎಲ್ಲಿಂದ ತಂದಾರಂತ ಕೇಳ್ರಿ.”

ಕೂಲಿ ಒಂಬತ್ತು ಸಾವಿರದ ಆರುನೂರಕ್ಕೆ ಇಳಿಯಿತು. ‘ಇತರೆ’ಯನ್ನು ಮಂಗಳವ್ವ ತಾನಾಗಿಯೇ ನಾಲ್ಕುನೂರಕ್ಕೆ ಇಳಿಸಿದಳು, ಪೆನ್ನು-ಪುಸ್ತಕಕ್ಕೆ ಅಷ್ಟು ಸಾಕಂತೆ. ಉಳಿದದ್ದು ಹದಿನಾರು ಸಾವಿರ. ಸೊನ್ನೆಯನ್ನು ಮಾತ್ರ ಮಲ್ಲೇಶಪ್ಪನವರು ಬಿಟ್ಟುಕೊಡಲಿಲ್ಲ. ಯುಗಾದಿಯೊಳಗೆ ಹದಿನಾರು ಸಾವಿರ ದುಡಿದು ಮನೆಗೆ ತರಬೇಕು, ಇಲ್ಲವಾದರೆ ತೊಟ್ಟು ಬಿಡಿಸಲು ಕೂತು ಮತ್ತೆ ಕಂಪ್ಯೂಟರಿನ ಹೆಸರೆತ್ತಬಾರದು ಎಂದು ಠರಾವಾಯಿತು. ಕರೆವ್ವ ಒಪ್ಪಿದಳು.

ಮೊದಲ ವಾರವೇ ಎಡವಟ್ಟಾಯಿತು. ಬ್ಯಾಡಗಿಯ ಕೆಲಸ ಮುಗಿಸಿ ನೇರ ಕ್ಲಾಸಿಗೆ ಹೋಗಿ ಕೀಲಿಗಳನ್ನು ಒತ್ತಿದಳು. ಅವಳ ನಂತರ ಅದೇ ಕಂಪ್ಯೂಟರಿಗೆ ಕೂತ ಹುಡುಗಿ ಕಣ್ಣುಜ್ಜಿಕೊಂಡು ಗಳಗಳ ಅತ್ತಳು. ಪಾಠ ಹೇಳುವ ಮೆಹನಾಜ, ಕರೆವ್ವನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಕೀಲಿಮಣೆ ಮೂಸಿ ನೋಡಿ ಸೀನಿದಳು. ಅಂದಿನಿಂದ ಕರೆವ್ವ ಕೊಬ್ಬರಿ ಎಣ್ಣೆ ಹಚ್ಚಿ, ಸಬಕಾರದಿಂದ ತೊಳೆದು, ಆಮೇಲೆ ಕೂರುತ್ತಿದ್ದಳು. ಆದರೆ ನಿಮಿಷಕ್ಕೆ ನಲವತ್ತು ತೊಟ್ಟು ಮುರಿದ ಬೆರಳುಗಳವು. ಮೂರನೆಯ ತಿಂಗಳಿಗೆ ಅವಳ ವೇಗಕ್ಕೆ ಕಾಲೇಜಿನ ಹುಡುಗರು ತಮ್ಮ ಕೆಲಸ ಬಿಟ್ಟು ನೋಡತೊಡಗಿದರು. ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಪರೀಕ್ಷೆ ಬರೆದು ತರಗತಿಗೇ ಎರಡನೆಯವಳಾಗಿ ಪಾಸಾದಳು.

ಜನವರಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು ಏರಿತು. ಸಿದ್ದಲಿಂಗೇಶ ಎಂಬುವರ ದಲಾಲಿ ಅಂಗಡಿಯಲ್ಲಿ ರೈತರ ಹೆಸರು, ಚೀಲ, ತೂಕ ಕಂಪ್ಯೂಟರಿಗೆ ಏರಿಸುವ ಕೆಲಸ ಸಿಕ್ಕಿತು. ತಿಂಗಳಿಗೆ ಒಂಬತ್ತು ಸಾವಿರ. ಮೊದಲ ಪಗಾರ ಬಂದಾಗ ಮಲ್ಲೇಶಪ್ಪನವರು, ಇನ್ನೂ ಏಳು ಸಾವಿರ ಬಾಕಿ ಐತಿ ಎಂದು ಅವ್ವನ ಮೂಲಕ ಜ್ಞಾಪಿಸಿದರು.

ಫೆಬ್ರವರಿಯ ಕೊನೆಯ ದಿನ ಅವರೇ ಹದಿನಾರು ಚೀಲ ಹೇರಿಕೊಂಡು ಆ ಅಂಗಡಿಗೆ ಬಂದರು. ಹೊಸ ರೈತರ ಹೆಸರು ಏರಿಸುವಾಗ ಅವರ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ, ಅದನ್ನು ಓದಿ ಹೇಳಬೇಕು. ಕರೆವ್ವ ಸೆರಗು ತಲೆಮೇಲೆ ಎಳೆದುಕೊಂಡು ಗುಂಡಿ ಒತ್ತಿದಳು. ಮಲ್ಲೇಶಪ್ಪನವರು ಮಂಗಳವ್ವನನ್ನು ಹುಡುಕುವವರಂತೆ ಸುತ್ತ ನೋಡಿದರು. ಹಮಾಲನೊಬ್ಬನನ್ನು ಕರೆದು, ಅವರಿಗೆ ಹೇಳು ಅನ್ನುವಷ್ಟರಲ್ಲಿ ನಂಬರಿನ ಅವಧಿ ಮುಗಿಯಿತು. ಎರಡನೆಯ ಸಲ ಗೋಡೆಯ ಕ್ಯಾಲೆಂಡರಿಗೆ ಓದಿ ಹೇಳಿದರು. ಅದು ಅರ್ಧವೇ ಕೇಳಿಸಿತು. ಹಿಂದೆ ಸಾಲಿನಲ್ಲಿದ್ದ ರೈತರು ಗೊಣಗಿದರು.

“ಭಾವಾರ, ಇತ್ತಾಗ ನೋಡಿ ಹೇಳ್ರಿ. ಇದು ನಿಮ್ಮ ಅವಧಿಯಂಗಲ್ಲ, ಲಗೂ ಮುಗೀತೈತಿ.”

ಮಲ್ಲೇಶಪ್ಪನವರು ತಿರುಗಿದರು. “ನಾಕು, ಏಳು, ಒಂದು, ಒಂಬತ್ತು, ಮೂರು, ಎಂಟು,” ಎಂದರು. ಹದಿನೈದು ವರ್ಷದಲ್ಲಿ ಅವರು ತಮ್ಮನ ಹೆಂಡತಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಸಂಜೆ ಎರಡನೆಯ ಪಗಾರ ಮಂಗಳವ್ವನ ಮುಂದೆ ಬಂತು. ಒಟ್ಟು ಹದಿನೆಂಟು ಸಾವಿರ, ಯುಗಾದಿ ಇನ್ನೂ ದೂರ. ಮಲ್ಲೇಶಪ್ಪನವರು ಕೆಮ್ಮಿ, ಅವ್ವನ ಕಡೆ ತಿರುಗಿ, ತಮ್ಮ ಮಗಳು ಸ್ನೇಹಾಳಿಗೂ ಆ ಕಾಲೇಜಿನದೊಂದು ಅರ್ಜಿ ತರಲು ಕರೆವ್ವನಿಗೆ ಹೇಳಬೇಕೆಂದರು.

“ನೀನ ಹೇಳಪಾ,” ಎಂದಳು ಮಂಗಳವ್ವ, ಎಲೆಗೆ ಸುಣ್ಣ ಸವರುತ್ತ. “ಅಂಗಡ್ಯಾಗ ಆರು ನಂಬರ್ ಹೇಳೀದಿ. ಇದೊಂದು ಮಾತಿಗೆ ನಾ ಯಾಕ?”

ಮಲ್ಲೇಶಪ್ಪನವರು ಬಾಗಿಲ ಕಡೆ ನೋಡಿ ಹೇಳಿದರು. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಕರೆವ್ವ ಪಡಸಾಲೆಯಲ್ಲೇ ನಿಂತಿದ್ದಳು.

“ತರ್ತೇನ್ರಿ, ಭಾವಾರ,” ಎಂದಳು. “ಖರ್ಚಿನ ಪಟ್ಟಿ ಮಾತ್ರ ನಾ ಬರೀತೇನಿ.”