ಖತೀಫಿನಲ್ಲಿ ಕೇಳಿದ ಮಾಲ್ಟಾದ ಸದ್ದು

ಪವಾಡಗಳನ್ನು ನಾನು ನಂಬಿದವನಲ್ಲ. ಉಡುಪಿ ಕಡೆಯ ಕೆಥೋಲಿಕ್ ಮನೆಯಲ್ಲಿ ಹುಟ್ಟಿದರೂ ಅಂಥ ಕತೆ ಹೇಳುವವರನ್ನು ಕಂಡರೆ ನಗು ಬರುತ್ತಿತ್ತು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಂಬತ್ತರ ದಶಕದಲ್ಲಿ ನಾನು ಸೌದಿಯ ಖತೀಫಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ನಮ್ಮ ಫೋರ್‌ಮನ್ ಹೆಸರು ಕಾರ್ಮನು, ಮಾಲ್ಟಾ ದ್ವೀಪದವನು. ಊರೂರಿಗೂ ಗುಮ್ಮಟದ ಇಗರ್ಜಿ ಇರುವ ನಾಡು ಅವನದು. ಅವನ ಭಾಷೆಯಲ್ಲೂ ದೇವರಿಗೆ ‘ಅಲ್ಲಾ’ ಎಂದೇ ಹೆಸರೆಂದು ಕೇಳಿ ನನ್ನ ರೂಮಿನ ಜೊತೆಗಾರ, ಕುಂದಾಪುರದ ಇಸ್ಮಾಯಿಲ್, ಬೆರಗಾಗಿದ್ದ.

ಸೌದಿಯಲ್ಲಿ ನಾವು ಕ್ರೈಸ್ತರು ಒಟ್ಟು ಸೇರಿ ಪ್ರಾರ್ಥಿಸುವಂತಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗಿ ಊರಿಗೆ ರವಾನೆ. ಆದರೂ ಒಂದು ಗುಡ್ ಫ್ರೈಡೆ ಮಧ್ಯಾಹ್ನ ಕಾರ್ಮನುವಿನ ಬಾಡಿಗೆ ಮನೆಯಲ್ಲಿ ಹನ್ನೊಂದು ಜನ ಸೇರಿದೆವು. ಆಸ್ಪತ್ರೆಯ ನರ್ಸ್ ಲಿಲ್ಲಿಬಾಯಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದಿದ್ದರು. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಇಸ್ಮಾಯಿಲ್ ತಾನಾಗಿಯೇ ಬೀದಿಯಲ್ಲಿ ಕಾವಲು ನಿಂತ.

“ಯಾರಾದ್ರೂ ಬಂದ್ರೆ ಕೆಮ್ತೇನೆ. ಬೇಗ ಮುಗಿಸಿ ಮಾರಾಯ.”

ಶುರುಮಾಡುವ ಮೊದಲು ಕಾರ್ಮನು ಪಿಸುಗುಟ್ಟಿದ: “ಇವತ್ತು ನಮ್ಮೂರಲ್ಲಿ ಗಂಟೆ ಬಾರಿಸುವುದಿಲ್ಲ. ಗೋಪುರದಲ್ಲಿ ಹಲ್ಲುಗಳಿರುವ ಮರದ ಚಕ್ರ ತಿರುಗಿಸುತ್ತಾರೆ. ಎಲುಬು ಅರೆದಂತೆ ಕೇಳಿಸುತ್ತದೆ.”

ಮೂರು ಗಂಟೆಗೆ ಮೊಣಕಾಲೂರಿ ಕುಳಿತಿದ್ದೆವು. ನೆತ್ತಿಯ ಮೇಲೆ, ತಾರಸಿಯಲ್ಲಿ, ಕಟಕಟ ಎಂದು ಮರ ಮರಕ್ಕೆ ಉಜ್ಜುವ ಸದ್ದು ಎದ್ದಿತು. ನಿಂತಿತು. ಮತ್ತೆ ಎದ್ದಿತು. ಕಾರ್ಮನುವಿನ ಮುಖ ಬಿಳಿಚಿಕೊಂಡಿತು.

“ಅದೇ,” ಎಂದ.

ನನಗೆ ಬೇರೆಯೇ ಭಯ. ಇಡೀ ಬೀದಿಗೆ ಕೇಳಿದರೆ ನಮ್ಮ ಗತಿಯೇನು? “ಏಳಿ, ಹಿಂದಿನ ಬಾಗಿಲು!” ಎಂದೆ. ಎಲ್ಲರೂ ಅಂಗಳಕ್ಕೆ ಓಡಿದೆವು. ಕೊನೆಯವಳಾಗಿ ಚಿಕ್ಕ ಹುಡುಗಿ ಹೊಸ್ತಿಲು ದಾಟಿದಳು. ಸದ್ದು ನಿಂತಿತು. ಹಿಂದೆಯೇ ಚಾವಣಿಯ ಕಾಂಕ್ರೀಟಿನ ದೊಡ್ಡ ತುಂಡೊಂದು ದೊಪ್ಪನೆ ಕಳಚಿ, ಮಕ್ಕಳು ಕೂತಿದ್ದ ಚಾಪೆಯ ಮೇಲೆ ಬಿತ್ತು.

ನಾನೂ ಕಾರ್ಮನುವೂ ತಾರಸಿ ಹತ್ತಿ ನೋಡಿದೆವು. ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇರಲಿಲ್ಲ. ಮರಳುಧೂಳಿನಲ್ಲಿ ಒಂದು ಹೆಜ್ಜೆಗುರುತೂ ಇಲ್ಲ.

ಚಾವಣಿ ಬಿರಿಯುವಾಗ ಸದ್ದು ಮಾಡುತ್ತದೆ, ಅಷ್ಟೇ ಎಂದುಕೊಂಡೆ. ಅಷ್ಟರಲ್ಲಿ ಇಸ್ಮಾಯಿಲ್ ಓಡಿಬಂದ. “ಎಂತ ಮಾರಾಯ ಅದು? ಖರ್ಜೂರದ ತೋಟದ ಕಡೆಯಿಂದ ಕಟಕಟ ಅಂತ?” ತೋಟವಿದ್ದದ್ದು ಬೀದಿಯ ಆ ತುದಿಗೆ. ಲಿಲ್ಲಿಬಾಯಿ ಮಕ್ಕಳನ್ನು ಅವುಚಿಕೊಂಡಿದ್ದರು. “ನಂಗೆ ಎಂತದೂ ಕೇಳ್ಲಿಲ್ಲ,” ಎಂದರು. “ನೀವು ಓಡಿದ್ದು ನೋಡಿ ಇವರನ್ನು ಎಳ್ಕೊಂಡು ಬಂದೆ.”

ಆ ಹುಡುಗಿಯರಿಗೆ ಈಗ ಮಕ್ಕಳಿದ್ದಾರೆ. ಸಿಕ್ಕಾಗಲೆಲ್ಲ ಚಿಕ್ಕವಳು ಕೇಳುತ್ತಾಳೆ, “ಅಂಕಲ್, ಅವತ್ತು ನಿಜವಾಗಿ ಎಂತ ಆದದ್ದು?”

ಗೊತ್ತಿಲ್ಲ ಎನ್ನುತ್ತೇನೆ. ಅವಳು ನಂಬುವುದಿಲ್ಲ.